ಪಂಚಾಯಿತಿ ಚುನಾವಣೆಗೆ ಬೇರೆ ಮತದಾರರ ಪಟ್ಟಿ? ಸಂಪುಟ ಹೇಳಿದ್ದೇನು, ನಾವು ನೋಡಿಕೊಳ್ಳಬೇಕಾದ್ದೇನು

ಚೊಳಚಗುಡ್ಡ, ನವೆಂಬರ್ 2025: ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂತು ಅಂದ್ರೆ ಊರಾಗ ಎರಡು ಮಾತು ಶುರು ಆಗ್ತಾವೆ. ಒಂದು, ಯಾರು ನಿಲ್ತಾರೆ ಅನ್ನೋದು. ಇನ್ನೊಂದು, ಲಿಸ್ಟ್‌ನಾಗ ಯಾರ ಹೆಸರು ಐತಿ, ಯಾರದ್ದು ಹೋಗೇತಿ ಅನ್ನೋದು. ಈ ಸಲ ಎರಡನೇ ಮಾತೇ ಜೋರಾಗಿದೆ. ‘ಇನ್ಮುಂದ ಪಂಚಾಯಿತಿಗೇ ಬೇರೆ ಲಿಸ್ಟ್ ಅಂತ’, ‘ಮಷಿನ್ ಹೋಗಿ ಚೀಟಿ ಬರ್ತೈತಂತ’, ‘ಗೋವಾದಾಗ ಫಾರಂ ಕೊಡಾಕ ಹತ್ಯಾರಂತ, ಅಲ್ಲಿ ಸಹಿ ಮಾಡಿದ್ರ ಇಲ್ಲಿ ಹೆಸರು ಹೋಗ್ತೈತೇನು?’ ಅಂತ ಚಹಾದಂಗಡಿ, ಕಿರಾಣಿ ಅಂಗಡಿ ಎಲ್ಲಾ ಕಡೆ ಕೇಳ್ತಿದ್ದಾರೆ. ಸುದ್ದಿ ಮೂರಿವೆ, ಮೂರೂ ಬೇರೆ ಬೇರೆ. ಆದರೆ ಮೂರನ್ನೂ ಸೇರಿಸಿ ಒಂದೇ ಮಾಡಿ ಹೇಳೋದರಿಂದ ಗೊಂದಲ ಆಗಿದೆ. ಅದಕ್ಕೆ ಇಲ್ಲಿ ಒಂದೊಂದಾಗಿ ಬಿಡಿಸಿ ಕೊಟ್ಟಿದ್ದೇವೆ. ಬೇಕಾದಾಗ ತೆಗೆದು ನೋಡಲು ಇಟ್ಟುಕೊಳ್ಳಿ.

ಸಂಪುಟ ತೀರ್ಮಾನಿಸಿದ್ದು ಏನು?

2025ರ ಸೆಪ್ಟೆಂಬರ್ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಧ್ಯಕ್ಷತೆಯ ರಾಜ್ಯ ಸಚಿವ ಸಂಪುಟ ಎರಡು ತೀರ್ಮಾನ ಮಾಡಿತು. ಮೊದಲನೆಯದು, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಯಂತ್ರದ ಬದಲು ಮತಪತ್ರದಲ್ಲಿ ನಡೆಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡುವುದು. ಎರಡನೆಯದು, ಸ್ಥಳೀಯ ಚುನಾವಣೆಗೆ ಬೇಕಾದ ಮತದಾರರ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗವೇ ತಯಾರಿಸಲು, ಪರಿಷ್ಕರಿಸಲು ಬರುವಂತೆ ಕಾನೂನು, ನಿಯಮಗಳನ್ನು ಬದಲಿಸುವುದು. ಇದನ್ನು ಹೊರಗೆ ಬಂದು ಹೇಳಿದವರು ಕಾನೂನು ಸಚಿವರು, ನಮ್ಮ ಪಕ್ಕದ ಗದಗಿನ ಶಾಸಕ ಎಚ್.ಕೆ. ಪಾಟೀಲ್. ಮತಯಂತ್ರದ ಮೇಲೆ ಜನರ ನಂಬಿಕೆ ಕಡಿಮೆ ಆಗಿದೆ, ಪಟ್ಟಿಯಲ್ಲಿ ದೋಷಗಳ ದೂರು ಹೆಚ್ಚಾಗಿವೆ ಅನ್ನೋದು ಸರ್ಕಾರ ಕೊಟ್ಟ ಕಾರಣ. ವಿರೋಧ ಪಕ್ಷ ಬಿಜೆಪಿ ಇದನ್ನು ಒಪ್ಪಲಿಲ್ಲ, ಇದು ಹಿಂದಕ್ಕೆ ಹೋಗುವ ಹೆಜ್ಜೆ ಎಂದಿತು.

ಒಂದು ಮಾತು ನೆನಪಿರಲಿ. ಇದು ಪಂಚಾಯಿತಿ, ಪುರಸಭೆ ಚುನಾವಣೆಗೆ ಮಾತ್ರ. ವಿಧಾನಸಭೆ, ಲೋಕಸಭೆ ಚುನಾವಣೆಯ ಪಟ್ಟಿಗೂ, ಮತಯಂತ್ರಕ್ಕೂ ರಾಜ್ಯ ಸಂಪುಟ ಕೈ ಹಾಕಲು ಬರುವುದಿಲ್ಲ. ಅದು ದೆಹಲಿಯ ಭಾರತ ಚುನಾವಣಾ ಆಯೋಗದ ಕೆಲಸ.

ಎರಡು ಆಯೋಗ, ಒಂದೇ ಪಟ್ಟಿ

ಹೆಸರು ಒಂದೇ ಥರ ಇದ್ದರೂ ಚುನಾವಣಾ ಆಯೋಗಗಳು ಎರಡು. ಸಂವಿಧಾನದ 324ನೇ ವಿಧಿಯ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸೋದು ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಬಾದಾಮಿ ಮತ್ತು ಗುಳೇದಗುಡ್ಡ ಪುರಸಭೆ, ಕೆರೂರು ಪಟ್ಟಣ ಪಂಚಾಯಿತಿ, ಇಳಕಲ್ ನಗರಸಭೆ ಇಂಥವುಗಳ ಚುನಾವಣೆ ನಡೆಸೋದು ಬೆಂಗಳೂರಿನ ರಾಜ್ಯ ಚುನಾವಣಾ ಆಯೋಗ.

1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳಿಂದ ಸಂವಿಧಾನಕ್ಕೆ 243ಕೆ ಮತ್ತು 243ಝಡ್ಎ ವಿಧಿಗಳು ಸೇರಿದವು. ಸ್ಥಳೀಯ ಚುನಾವಣೆ ನಡೆಸೋದು ಮಾತ್ರವಲ್ಲ, ಅದರ ಮತದಾರರ ಪಟ್ಟಿ ತಯಾರಿಸೋ ಉಸ್ತುವಾರಿಯೂ ರಾಜ್ಯ ಆಯೋಗದ್ದೇ ಅಂತ ಅಲ್ಲಿ ಬರೆದಿದೆ. ಆದರೆ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಬೇರೆ ದಾರಿ ಹಿಡಿದಿದೆ. ವಿಧಾನಸಭೆಗೆ ಇರುವ ಪಟ್ಟಿಯಲ್ಲಿ ಆ ಪಂಚಾಯಿತಿ ಕ್ಷೇತ್ರಕ್ಕೆ ಸೇರಿದ ಭಾಗವನ್ನೇ ಪಂಚಾಯಿತಿಯ ಪಟ್ಟಿ ಅಂತ ತಿಳಿಯಬೇಕು ಅನ್ನುತ್ತದೆ. ಅಂದ್ರೆ ಬಾದಾಮಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ತಂದು, ಊರಿಗೆ ತಕ್ಕಂತೆ, ವಾರ್ಡಿಗೆ ತಕ್ಕಂತೆ ಕತ್ತರಿಸಿ ಜೋಡಿಸುತ್ತಾರೆ. ಮೂಲ ಪಟ್ಟಿಯಲ್ಲಿ ಸತ್ತವರ ಹೆಸರಿದ್ದರೆ ಇಲ್ಲೂ ಬರ್ತದೆ. ಬದುಕಿರೋರ ಹೆಸರು ಅಲ್ಲಿ ಬಿಟ್ಟಿದ್ದರೆ ಇಲ್ಲೂ ಬಿಟ್ಟುಹೋಗ್ತದೆ. ಜೋಡಿಸುವಾಗ ಮನೆಗಳು ಪಕ್ಕದ ವಾರ್ಡಿಗೆ ಹೋಗಿ ಬೀಳೋದು ಇನ್ನೊಂದು ತಲೆನೋವು.

ಸಂಪುಟ ಬದಲಿಸಬೇಕು ಅಂತ ಹೊರಟಿರೋದು ಈ ವ್ಯವಸ್ಥೆಯನ್ನು. ಆದರೆ ಸಂಪುಟ ಹೇಳಿದ ಕೂಡಲೇ ಪಟ್ಟಿ ಬದಲಾಗೋದಿಲ್ಲ. ಕಾಯ್ದೆ ತಿದ್ದುಪಡಿ ಆಗಬೇಕು, ನಿಯಮ ಬರಬೇಕು, ಆಯೋಗ ವೇಳಾಪಟ್ಟಿ ಪ್ರಕಟಿಸಬೇಕು. ಅಲ್ಲಿವರೆಗೆ ವಿಧಾನಸಭೆ ಪಟ್ಟಿಯಲ್ಲಿ ಹೆಸರು ಸರಿ ಇದೆಯೋ ಇಲ್ಲವೋ ಅನ್ನೋದೇ ಮುಖ್ಯ.

ಬೇರೆ ಪಟ್ಟಿ ಮಾಡಿದರೆ ಒಳ್ಳೆಯದೋ ಕೆಟ್ಟದ್ದೋ?

ದೂರ ಹೋಗೋದು ಬೇಡ, ಕೇರಳ ನೋಡಿ. ಅಲ್ಲಿ ರಾಜ್ಯ ಚುನಾವಣಾ ಆಯೋಗವೇ ಸ್ಥಳೀಯ ಚುನಾವಣೆಗೆ ಬೇರೆ ಪಟ್ಟಿ ಮಾಡುತ್ತದೆ. ಕಾಸರಗೋಡಿನ ಕನ್ನಡಿಗರು ಪಂಚಾಯಿತಿಗೆ ಒಂದು ಪಟ್ಟಿ, ವಿಧಾನಸಭೆಗೆ ಇನ್ನೊಂದು ಪಟ್ಟಿ ನೋಡಿಕೊಳ್ಳಬೇಕು. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲೂ ಇರ್ತದೆ ಅನ್ನೋ ಖಾತ್ರಿ ಇಲ್ಲ. ಅಲ್ಲಿ 2025ರ ಡಿಸೆಂಬರ್ 9 ಮತ್ತು 11ಕ್ಕೆ ಸ್ಥಳೀಯ ಚುನಾವಣೆ ಘೋಷಣೆ ಆಗಿತ್ತು. ಅದೇ ಹೊತ್ತಿಗೆ ಭಾರತ ಚುನಾವಣಾ ಆಯೋಗದ ಪಟ್ಟಿ ಪರಿಷ್ಕರಣೆಯೂ ನಡೆದಿತ್ತು. ಉತ್ತರ ಪ್ರದೇಶದಲ್ಲೂ ಪಂಚಾಯಿತಿಗೆ ಬೇರೆ ಪಟ್ಟಿ ಇದೆ.

ಬೇಕು ಅನ್ನೋರ ವಾದ ಹೀಗಿದೆ. ಗ್ರಾಮ ಪಂಚಾಯಿತಿಯಲ್ಲಿ ಹೆಚ್ಚೂಕಡಿಮೆ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಷ್ಟು ಸಣ್ಣ ಕ್ಷೇತ್ರದಲ್ಲಿ ಹತ್ತು ಹೆಸರು ಹೆಚ್ಚು ಕಡಿಮೆ ಆದರೂ ಫಲಿತಾಂಶ ತಿರುಗ್ತದೆ. ಊರಿನ ಮಟ್ಟದಲ್ಲೇ ಕೂತು ಪಟ್ಟಿ ಮಾಡಿದರೆ ತಪ್ಪು ಬೇಗ ಗೊತ್ತಾಗ್ತದೆ.

ಬೇಡ ಅನ್ನೋರ ವಾದವೂ ಹಗುರ ಅಲ್ಲ. ಎರಡು ಪಟ್ಟಿ ಅಂದ್ರೆ ಎರಡು ಸಲ ಖರ್ಚು, ಎರಡು ಸಲ ಮನೆ ಮನೆ ತಿರುಗಾಟ. ತಿರುಗೋರು ಮಾತ್ರ ಅದೇ ಶಾಲಾ ಶಿಕ್ಷಕರು, ಅದೇ ಅಂಗನವಾಡಿ ಕಾರ್ಯಕರ್ತೆಯರು. ಎಲ್ಲಾ ಚುನಾವಣೆಗೂ ಒಂದೇ ಪಟ್ಟಿ ಇರಲಿ ಅಂತ ಕಾನೂನು ಆಯೋಗ 2015ರಲ್ಲಿ ಕೊಟ್ಟ ತನ್ನ 255ನೇ ವರದಿಯಲ್ಲಿ ಹೇಳಿತ್ತು. ‘ಲೋಕಸಭೆಗೆ ವೋಟ್ ಹಾಕಿದ್ದೆ, ಪಂಚಾಯಿತಿಗೆ ಯಾಕ ಹೆಸರಿಲ್ಲ?’ ಅಂತ ಮತಗಟ್ಟೆ ಬಾಗಿಲಲ್ಲಿ ಜಗಳ ಆಗೋದು ಬೇರೆ ಪಟ್ಟಿ ಬಂದರೆ ಹೆಚ್ಚಾಗಬಹುದು.

ಮತಪತ್ರದ ವಿಷಯಕ್ಕೆ ಬಂದರೆ, ನಮ್ಮ ಹಳ್ಳಿ ಮಂದಿಗೆ ಅದು ಹೊಸದೇನಲ್ಲ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯಿತಿ ಚುನಾವಣೆ ರಾಜ್ಯದ ಬಹುತೇಕ ಕಡೆ ಮತಪತ್ರದಲ್ಲೇ ಆಗಿತ್ತು. ಬದಲಾವಣೆ ಹೆಚ್ಚು ಕಾಣಿಸೋದು ಪಟ್ಟಣದ ಸಂಸ್ಥೆಗಳಲ್ಲಿ.

ಒಂದು ಹೆಸರಿನ ಬೆಲೆ ಎಷ್ಟು?

2018ರಲ್ಲಿ ಬಾದಾಮಿ ವಿಧಾನಸಭಾ ಕ್ಷೇತ್ರದಲ್ಲಿ ಸಿದ್ದರಾಮಯ್ಯ ಅವರು ಬಿ. ಶ್ರೀರಾಮುಲು ವಿರುದ್ಧ ಗೆದ್ದಿದ್ದು ಬರೀ 1,696 ಮತಗಳಿಂದ. ಇಡೀ ಕ್ಷೇತ್ರದ ಮತಗಟ್ಟೆಗಳಿಗೆ ಹಂಚಿದರೆ ಒಂದೊಂದು ಮತಗಟ್ಟೆಗೆ ಕೈಬೆರಳಲ್ಲಿ ಎಣಿಸುವಷ್ಟು ಮತ.

ಇನ್ನು ಮತ ಹಾಕೋದಷ್ಟೇ ವಿಷಯ ಅಲ್ಲ. ಸಂವಿಧಾನದ ಪ್ರಕಾರ ಗ್ರಾಮಸಭೆ ಅಂದ್ರೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರೋರ ಸಭೆ. ವಸತಿ ಯೋಜನೆಗೆ ಫಲಾನುಭವಿಗಳ ಆಯ್ಕೆ ಚರ್ಚೆ ಆಗೋದು ಅಲ್ಲೇ. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ಕಾನೂನಿನ ಲೆಕ್ಕದಲ್ಲಿ ನೀವು ಆ ಸಭೆಯ ಸದಸ್ಯರೇ ಅಲ್ಲ. ಪಂಚಾಯಿತಿಗೆ ಸ್ಪರ್ಧಿಸಲೂ ಪಟ್ಟಿಯಲ್ಲಿ ಹೆಸರು ಬೇಕೇ ಬೇಕು.

ಆದರೆ ‘ಲಿಸ್ಟ್‌ನಾಗ ಹೆಸರಿಲ್ಲಾಂದ್ರ ರೇಷನ್ ನಿಲ್ತೈತಿ’ ಅನ್ನೋ ಮಾತಿಗೆ ಹೆದರಬೇಡಿ. ಪಡಿತರ ಚೀಟಿಯ ಪಟ್ಟಿ ಬೇರೆ, ಮತದಾರರ ಪಟ್ಟಿ ಬೇರೆ.

ಗುಳೆ ಹೋದವರ ಹೆಸರು ಎಲ್ಲಿರಬೇಕು?

ನಮ್ಮ ಭಾಗದ ದೊಡ್ಡ ಪ್ರಶ್ನೆ ಇದು. ಬಾದಾಮಿ, ಹುನಗುಂದ ಕಡೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗೋ ಕುಟುಂಬಗಳು ಬಹಳ. ಕೆಲವರು ಸುಗ್ಗಿ ಮುಗಿಸಿ ಹೋಗಿ ಮಳೆಗಾಲಕ್ಕೆ ಬರ್ತಾರೆ. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದು ಜಾತ್ರೆಗೆ ಮಾತ್ರ ಬರ್ತಾರೆ. ಕಾನೂನು ಈ ಇಬ್ಬರನ್ನೂ ಒಂದೇ ಥರ ನೋಡೋದಿಲ್ಲ.

1950ರ ಜನಪ್ರತಿನಿಧಿ ಕಾಯ್ದೆಯ 19ನೇ ಕಲಂ ಪ್ರಕಾರ, 18 ವರ್ಷ ತುಂಬಿ, ಆ ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುವವರು’ ಹೆಸರು ಸೇರಿಸಬಹುದು. 20ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಊರಲ್ಲಿ ಸ್ವಂತ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗೋದಿಲ್ಲ. ಹಾಗೇ ಸ್ವಲ್ಪ ದಿನ ಊರು ಬಿಟ್ಟು ಹೋಗಿದ್ದೀರಿ ಅನ್ನೋ ಕಾರಣಕ್ಕೆ ಅಲ್ಲಿಯ ವಾಸಿ ಅಲ್ಲ ಅಂತಲೂ ಆಗೋದಿಲ್ಲ. ಅಂದ್ರೆ ನಾಲ್ಕು ತಿಂಗಳು ದುಡಿದು ವಾಪಸ್ ಬರೋರ ಹೆಸರನ್ನು ‘ಊರಾಗಿಲ್ಲ’ ಅಂತ ತೆಗೆದರೆ ಅದನ್ನು ಪ್ರಶ್ನಿಸಬಹುದು. ಹೆಂಡತಿ ಮಕ್ಕಳ ಸಮೇತ ಗೋವಾದಲ್ಲೇ ನೆಲೆ ನಿಂತೋರು ಅಲ್ಲೇ ಹೆಸರು ಇಟ್ಟುಕೊಳ್ಳೋದು ಸರಿ.

ಎರಡೂ ಕಡೆ ಮಾತ್ರ ಬೇಡ. ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರಬಾರದು ಅಂತ 17ನೇ ಕಲಂ ಹೇಳುತ್ತದೆ. ಗೊತ್ತಿದ್ದೂ ಸುಳ್ಳು ಘೋಷಣೆ ಬರೆದುಕೊಟ್ಟರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಇದೇ ನಿಯಮ ಅಂಗಡಿಕಾರರಿಗೂ ಅನ್ವಯ. ಮನೆ ಚೊಳಚಗುಡ್ಡದಲ್ಲಿ, ಅಂಗಡಿ ಬಾದಾಮಿ ಪೇಟೆಯಲ್ಲಿ ಇದ್ದರೆ ನಿಮ್ಮ ಮತ ಇರೋದು ಚೊಳಚಗುಡ್ಡದಲ್ಲಿ. ಪುರಸಭೆಗೆ ತೆರಿಗೆ ಕಟ್ಟಿದ್ದೀರಿ, ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಅಲ್ಲಿ ಮತ ಬರೋದಿಲ್ಲ.

ಎಸ್‌ಐಆರ್ ಅಂದ್ರೇನು, ಗೋವಾದಲ್ಲಿ ಏನು ನಡೆದಿದೆ?

ಎಸ್‌ಐಆರ್ ಅಂದ್ರೆ ವಿಶೇಷ ತೀವ್ರ ಪರಿಷ್ಕರಣೆ. ಇದು ರಾಜ್ಯ ಸರ್ಕಾರದ್ದಲ್ಲ, ಭಾರತ ಚುನಾವಣಾ ಆಯೋಗದ್ದು. ಹಳೇ ಪಟ್ಟಿ ತಿದ್ದೋ ಬದಲು ಎಲ್ಲರಿಂದಲೂ ಹೊಸದಾಗಿ ಫಾರಂ ತುಂಬಿಸಿಕೊಳ್ಳುತ್ತಾರೆ. ಬಿಹಾರದಲ್ಲಿ 2025ರ ಜೂನ್‌ನಲ್ಲಿ ಶುರುವಾಯ್ತು. ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಬಿಟ್ಟ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು. ಸೆಪ್ಟೆಂಬರ್ 8ರಂದು, ಆಧಾರ್ ಕಾರ್ಡನ್ನೂ ಗುರುತಿನ ದಾಖಲೆಯಾಗಿ ತಗೊಳ್ಳಿ, ಆದರೆ ಅದು ಪೌರತ್ವದ ಸಾಕ್ಷಿ ಅಲ್ಲ ಅಂತ ಹೇಳಿತು. ಮೊದಲು 7.89 ಕೋಟಿ ಇದ್ದ ಹೆಸರು, ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಆಯ್ತು.

ಅಕ್ಟೋಬರ್ 27ರಂದು ಎರಡನೇ ಹಂತ ಘೋಷಿಸಿದರು. 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳು ಇದರಲ್ಲಿವೆ. ಗೋವಾ, ಕೇರಳ, ತಮಿಳುನಾಡು ಇವೆ, ಕರ್ನಾಟಕ ಇಲ್ಲ. ಮೊದಲು ಘೋಷಿಸಿದ ವೇಳಾಪಟ್ಟಿ ಪ್ರಕಾರ 2025ರ ನವೆಂಬರ್ 4ರಿಂದ ಡಿಸೆಂಬರ್ 4ರವರೆಗೆ ಮನೆ ಮನೆಗೆ ಫಾರಂ, ಡಿಸೆಂಬರ್ 9ಕ್ಕೆ ಕರಡು ಪಟ್ಟಿ, 2026ರ ಫೆಬ್ರುವರಿ 7ಕ್ಕೆ ಅಂತಿಮ ಪಟ್ಟಿ ಅಂತ ಇತ್ತು.

ಗೋವಾದಲ್ಲಿರೋ ನಮ್ಮವರು ಈಗಲೇ ತೀರ್ಮಾನ ಮಾಡಬೇಕು. ಅಲ್ಲಿಯ ಪಟ್ಟಿಯಲ್ಲಿ ಇರೋದಾದರೆ ಅಲ್ಲಿ ಫಾರಂ ತುಂಬಿ, ಇಲ್ಲಿಯ ಹೆಸರು ತೆಗೆಸಿ. ಇಲ್ಲಿಯೇ ಇರೋದಾದರೆ ಅಲ್ಲಿ ಫಾರಂಗೆ ಸಹಿ ಮಾಡಬೇಡಿ. ಎರಡೂ ಕಡೆ ಇರಲಿ ಅಂತ ಆಸೆ ಮಾಡಿದರೆ ಮುಂದೆ ಎರಡೂ ಕಡೆ ನೋಟಿಸ್ ಬರಬಹುದು. ಏನೂ ಮಾಡದೆ ಸುಮ್ಮನೆ ಕೂತರೆ ಎರಡೂ ಕಡೆ ಹೆಸರು ಹೋಗಲೂಬಹುದು.

ಕರ್ನಾಟಕದಲ್ಲಿ ಹಿಂದೆ ಇಂಥ ತೀವ್ರ ಪರಿಷ್ಕರಣೆ ಆಗಿದ್ದು 2002ರಲ್ಲಿ. ಎರಡನೇ ಹಂತದ ರಾಜ್ಯಗಳಲ್ಲಿ ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತಮ್ಮದೋ ತಂದೆ-ತಾಯಿಯದೋ ಹೆಸರು ತೋರಿಸಿದೋರಿಗೆ ಕೆಲಸ ಹಗುರ ಆಗಿದೆ. ನಮ್ಮಲ್ಲೂ ಇದೇ ಬಂದರೆ 2002ರ ಪಟ್ಟಿ ಬೇಕಾಗ್ತದೆ. ಅದನ್ನು ಹುಡುಕೋವಾಗ ಒಂದು ನೆನಪಿಡಿ: ಆಗ ಗುಳೇದಗುಡ್ಡ ಬೇರೆಯೇ ವಿಧಾನಸಭಾ ಕ್ಷೇತ್ರ ಆಗಿತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಹೋಯಿತು. ಆ ಕಡೆಯವರು ಬಾದಾಮಿ ಕ್ಷೇತ್ರದಲ್ಲಿ ಹುಡುಕಿ ಹೆಸರಿಲ್ಲ ಅಂತ ಗಾಬರಿ ಆಗಬೇಡಿ, ಗುಳೇದಗುಡ್ಡ ಕ್ಷೇತ್ರದಲ್ಲಿ ನೋಡಿ.

ಆಳಂದ ಕಲಿಸಿದ ಪಾಠ

ಹೆಸರು ತಾನಾಗಿ ಹೋಗೋದು ಒಂದು, ಬೇರೆಯವರು ತೆಗೆಸೋದು ಇನ್ನೊಂದು. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕಾರ ಆದವು. 2023ರ ಫೆಬ್ರುವರಿಯಲ್ಲಿ ಪೊಲೀಸ್ ಕೇಸ್ ಆಯ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಇದನ್ನು ಎತ್ತಿದ ಮೇಲೆ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ಹೆಸರು ಯಾರದ್ದೋ, ಮೊಬೈಲ್ ನಂಬರ್ ಇನ್ಯಾರದ್ದೋ ಬಳಸಿ ಅರ್ಜಿ ಹಾಕಿದ್ದಾರೆ ಅನ್ನೋದು ಆರೋಪ.

ಆ 5,994 ಹೆಸರು ಉಳಿದಿದ್ದು ಹೇಗೆ? ಮತಗಟ್ಟೆ ಅಧಿಕಾರಿಗಳು ಊರಲ್ಲಿ ಹೋಗಿ ಕೇಳಿದ್ದಕ್ಕೆ. ನಿಯಮದ ಪ್ರಕಾರವೂ ನಿಮಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಹೆಸರು ತೆಗೆಯೋ ಹಾಗಿಲ್ಲ. ಈ ಗದ್ದಲದ ನಂತರ ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿಸಿದ ಮೊಬೈಲ್‌ನ ಒಟಿಪಿ ಬೇಕು ಅನ್ನೋ ವ್ಯವಸ್ಥೆ ತಂದಿದ್ದಾರೆ. ಅದಕ್ಕೇ ಒಟಿಪಿ ಯಾರಿಗೂ ಹೇಳಬೇಡಿ. ‘ವೋಟರ್ ಐಡಿ ಅಪ್‌ಡೇಟ್ ಮಾಡ್ತೀವ್ರಿ, ನಂಬರ್ ಹೇಳ್ರಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಯಾವುದಕ್ಕೆ ಯಾವ ಫಾರಂ?

ಫಾರಂ 6: ಹೊಸದಾಗಿ ಹೆಸರು ಸೇರಿಸಲು. ವರ್ಷಕ್ಕೆ ನಾಲ್ಕು ಅರ್ಹತಾ ದಿನ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಫಾರಂ 6ಬಿ: ಆಧಾರ್ ನಂಬರ್ ಕೊಡಲು. ಇದು ಕಡ್ಡಾಯ ಅಲ್ಲ.

ಫಾರಂ 7: ಹೆಸರು ತೆಗೆಯಲು ಅಥವಾ ಆಕ್ಷೇಪಣೆಗೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಇದನ್ನು ಕೊಡಿ. ಸತ್ತವರ ಹೆಸರು ಹಾಗೇ ಬಿಟ್ಟರೆ ಅದರ ಮೇಲೆ ಬೇರೆಯವರು ಮತ ಹಾಕೋ ದಾರಿ ತೆರೆದಿಟ್ಟ ಹಾಗೆ.

ಫಾರಂ 8: ವಿಳಾಸ ಬದಲಾವಣೆ, ಹೆಸರು, ವಯಸ್ಸು, ಫೋಟೊ ತಿದ್ದುಪಡಿ, ಕಾರ್ಡ್ ಕಳೆದಿದ್ದರೆ ಬದಲಿ ಕಾರ್ಡ್, ಅಂಗವಿಕಲರು ಅಂತ ನಮೂದಿಸೋದು, ಎಲ್ಲಕ್ಕೂ ಇದೊಂದೇ.

ಮದುವೆ ಆಗಿ ಬಂದ ಸೊಸೆಯಂದಿರಿಗೆ ತವರಿನ ಪಟ್ಟಿಯಲ್ಲಿ ಹೆಸರಿದ್ದರೆ ಫಾರಂ 6 ಅಲ್ಲ, ಫಾರಂ 8 ಹಾಕಬೇಕು. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ಫಾರಂ 6 ಹಾಕಿದರೆ ಎರಡು ಕಡೆ ಹೆಸರು ಕೂತುಬಿಡ್ತದೆ. 2009ರ ನೆರೆಯ ನಂತರ ಆಸರೆ ಮನೆಗಳಿಗೆ ಹೋದವರು, ಹಳೇ ಊರಿನ ಮನೆ ನಂಬರ್‌ನಲ್ಲೇ ಇದ್ದರೆ ಅವರೂ ಫಾರಂ 8ರಲ್ಲಿ ವಿಳಾಸ ಸರಿ ಮಾಡಿಸಿಕೊಳ್ಳಬೇಕು. ಮನೆಯ ಹಂಚಿಕೆ ಪತ್ರ ಜೋಪಾನವಾಗಿ ಇಟ್ಟಿರಿ. ಸರ್ಕಾರ ಕೊಟ್ಟ ಜಮೀನು, ಮನೆ ಹಂಚಿಕೆ ಪತ್ರ ಎಸ್‌ಐಆರ್ ದಾಖಲೆಗಳ ಪಟ್ಟಿಯಲ್ಲಿದೆ. ಜಾತಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೂಡ ಕೈಗೆ ಸಿಗೋ ಹಾಗಿರಲಿ.

ಎಲ್ಲಿ ನೋಡಬೇಕು, ಯಾರನ್ನು ಕೇಳಬೇಕು?

ಮೊಬೈಲ್‌ನಲ್ಲಿ ಚುನಾವಣಾ ಆಯೋಗದ ಆ್ಯಪ್ ಇದೆ. ಫೋನ್ ಮಾಡೋದಾದರೆ ಸಹಾಯವಾಣಿ 1950. ಇದೆಲ್ಲ ಬೇಡ ಅಂದ್ರೆ ನಿಮ್ಮ ಮತಗಟ್ಟೆಯ ಬಿಎಲ್‌ಒ ಹತ್ತಿರ ಹೋಗಿ, ಪಟ್ಟಿ ಅವರ ಹತ್ತಿರ ಇರ್ತದೆ. ಬಾದಾಮಿ ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಯಲ್ಲೂ ಕೇಳಬಹುದು. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಚೀಟಿ ಇಲ್ಲದೆ ಮುಂದೆ ಏನೂ ಕೇಳಲು ಬರೋದಿಲ್ಲ.

ನೋಂದಣಾಧಿಕಾರಿ ಅರ್ಜಿ ತಿರಸ್ಕರಿಸಿದರೆ ಅಥವಾ ಹೆಸರು ತೆಗೆದರೆ ಅಲ್ಲಿಗೇ ಮುಗೀತು ಅಂದುಕೊಳ್ಳಬೇಡಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗಲಿಲ್ಲ ಅಂದ್ರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸಲು ಬರೋದಿಲ್ಲ. ಅದಕ್ಕೆ ಘೋಷಣೆ ಆಗಲಿ ನೋಡೋಣ ಅಂತ ಕಾಯಬೇಡಿ.

ಯಾಕೆ ಈಗಲೇ?

2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಐದು ವರ್ಷ 2026ರ ಶುರುವಿನಲ್ಲಿ ಮುಗಿಯುವುದಿತ್ತು. ತಾಲೂಕು, ಜಿಲ್ಲಾ ಪಂಚಾಯಿತಿಗೆ ಕಡೆಯ ಚುನಾವಣೆ ಆಗಿದ್ದು 2016ರಲ್ಲಿ. 2021ರಿಂದ ಅಲ್ಲಿ ಚುನಾಯಿತ ಸದಸ್ಯರೇ ಇಲ್ಲ. ಚುನಾವಣೆ ಯಾವಾಗ ಬಂದರೂ, ಪಟ್ಟಿ ಹಳೆಯದೋ ಹೊಸದೋ, ಮಷಿನ್ನೋ ಚೀಟಿಯೋ, ಹೆಸರಿಲ್ಲದವರಿಗೆ ಎಲ್ಲಾ ಒಂದೇ.

2026ರಲ್ಲಿ ಬನದ ಹುಣ್ಣಿಮೆ ಜನವರಿ 3ಕ್ಕೆ ಬಂದಿತ್ತು. ಬನಶಂಕರಿ ತೇರಿಗೆ ಗೋವಾದಿಂದ, ಮಂಗಳೂರಿನಿಂದ ನಮ್ಮ ಮಂದಿ ಬರ್ತಾರೆ. ನಾಟಕ ನೋಡಿ, ಬಾಗಿಲು ಚೌಕಟ್ಟು ಖರೀದಿ ಮಾಡಿ ಮತ್ತೆ ಬಸ್ ಹತ್ತೋ ಮುಂಚೆ ಒಂದು ತಾಸು ಬಿಡುವು ಮಾಡಿಕೊಳ್ಳಲಿ. ಮನೆಯವರೆಲ್ಲ ಸೇರಿ ಬಿಎಲ್‌ಒ ಹತ್ತಿರ ಪಟ್ಟಿ ತೆಗೆಸಿ, ಅಜ್ಜಿಯಿಂದ ಹಿಡಿದು ಹದಿನೆಂಟು ತುಂಬಿದ ಮೊಮ್ಮಗಳವರೆಗೆ ಒಂದೊಂದು ಹೆಸರೂ ಓದಿಸಿ ನೋಡಲಿ. ಊರಲ್ಲಿರೋ ಅಂಗಡಿಕಾರರು ಈ ಮಾಹಿತಿಯನ್ನು ಗಿರಾಕಿಗಳಿಗೆ ಹೇಳಿದರೆ ದೊಡ್ಡ ಉಪಕಾರ. ಓದಲು ಬಾರದ ಹಿರಿಯರಿಗೆ ಈ ಸುದ್ದಿ ಮುಟ್ಟೋದು ಅಂಗಡಿ ಕಟ್ಟೆಯ ಮೇಲೇ.